ಕಡಲಪಾಚಿಯನ್ನು ಅರಗಿಸಿಕೊಳ್ಳುವವರು

ಪ್ರಶ್ನೆ: ಬೇಸಿಗೆಯಲ್ಲಿ ಮಕ್ಕಳಿಗೆಂದು ಹಾಲು ಕಾಯಿಸಿ, ಚೈನಾ ಗ್ರಾಸ್ ಹಾಕಿ ಪುಡ್ಡಿಂಗ್ ಮಾಡುತ್ತೇನೆ. ಅದು ಕಡಲಪಾಚಿಯಿಂದ ತೆಗೆದದ್ದು, ನಮ್ಮ ಹೊಟ್ಟೆಯಲ್ಲಿ ಜೀರ್ಣವಾಗುವುದಿಲ್ಲ ಎಂದು ಮಗಳು ಹೇಳಿದಳು. ಮಳೆಗಾಲ ಮುಗಿದ ಮೇಲೆ ನಮ್ಮೂರ ದಂಡೆಯ ಬಂಡೆಗಳ ಮೇಲೆಲ್ಲ ಹಸಿರು ಪಾಚಿ ಹಾಸಿಕೊಂಡಿರುತ್ತದೆ. ಕೆಲವು ತಿಂಗಳಲ್ಲಿ ಅದು ಕಾಣೆಯಾಗುತ್ತದೆ. ಜೀರ್ಣವಾಗದ ವಸ್ತು ಎಲ್ಲಿಗೆ ಹೋಗುತ್ತದೆ? ಲೋಕದ ಕಡಲುಗಳೆಲ್ಲ ಇಷ್ಟು ಹೊತ್ತಿಗೆ ಸತ್ತ ಪಾಚಿಯ ಲೋಳೆಯಿಂದ ತುಂಬಿಹೋಗಬೇಕಿತ್ತಲ್ಲವೇ?
— ಕುಮಟಾದ ಓದುಗರೊಬ್ಬರು

ಉತ್ತರ: ನಿಮ್ಮ ಮಗಳು ಹೇಳಿದ್ದು ನಿಜ. ಆ ಮಾತು ಕೇಳಿ ನೀವು ಅಡುಗೆಮನೆಯಿಂದ ಬಂಡೆಯ ಮೇಲಿನ ಪಾಚಿಯ ಕಡೆಗೆ ಯೋಚನೆ ಹರಿಸಿದಿರಲ್ಲ, ಅದು ನನಗೆ ತುಂಬ ಹಿಡಿಸಿತು. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಫ್ರಾನ್ಸ್ ಮತ್ತು ಜರ್ಮನಿಯ ಪ್ರಯೋಗಾಲಯಗಳಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ಚುಟುಕಾಗಿ ಹೇಳುವುದಾದರೆ, ಕಡಲಪಾಚಿಯನ್ನು ಕರಗಿಸುವುದು ಕಡಲಿನ ಬ್ಯಾಕ್ಟೀರಿಯಾಗಳು. ಅದಕ್ಕೆಂದೇ ಅವುಗಳ ಬಳಿ ವಿಶೇಷ ಕಿಣ್ವಗಳಿವೆ. ಆದರೆ ಆ ಕಿಣ್ವಗಳು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇಲ್ಲ, ಎಲ್ಲ ಪಾಚಿಯೂ ಒಂದೇ ವೇಗದಲ್ಲಿ ಕರಗುವುದೂ ಇಲ್ಲ. ಕಡಲೆಲ್ಲ ಲೋಳೆಯಾಗಬೇಕಿತ್ತಲ್ಲವೇ ಎಂಬ ನಿಮ್ಮ ಕೊನೆಯ ಸಂದೇಹದಲ್ಲಿ ಒಂದಿಷ್ಟು ಸತ್ಯವೂ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ನಿಮ್ಮ ಪುಡ್ಡಿಂಗ್. ಅಂಗಡಿಯಲ್ಲಿ ಬಿಳಿ ಎಳೆಯಾಗಿಯೋ ಪುಡಿಯಾಗಿಯೋ ಸಿಗುವ ಚೈನಾ ಗ್ರಾಸ್ ಎಂದರೆ ಅಗರ್. ಕೆಂಪು ಜಾತಿಯ ಕಡಲಪಾಚಿಗಳನ್ನು ನೀರಿನಲ್ಲಿ ಕುದಿಸಿ ಅದನ್ನು ತೆಗೆಯುತ್ತಾರೆ. ಐಸ್‌ಕ್ರೀಮ್ ಡಬ್ಬಿಯ ಹಿಂಬದಿಯಲ್ಲಿ 407 ಎಂಬ ಸಂಖ್ಯೆ ಕಂಡರೆ ಅದು ಕ್ಯಾರಜೀನನ್, ಅದೂ ಕೆಂಪು ಪಾಚಿಯದೇ. ಅಗರ್‌ನ ಸಂಖ್ಯೆ 406. ಇವೆರಡೂ ಸಕ್ಕರೆಯ ಕಣಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿಗಳು. ರಸಾಯನಶಾಸ್ತ್ರದಲ್ಲಿ ಇವಕ್ಕೆ ಪಾಲಿಸ್ಯಾಕರೈಡ್ ಎನ್ನುತ್ತಾರೆ. ಅನ್ನದಲ್ಲಿರುವ ಪಿಷ್ಟವೂ ಅಂಥದೇ ಸರಪಳಿ. ಅನ್ನವನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿದರೆ ಸಿಹಿಯಾಗುತ್ತ ಬರುತ್ತದೆ, ಏಕೆಂದರೆ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಕೊಂಡಿಗಳನ್ನು ಅಲ್ಲೇ ಕತ್ತರಿಸಲು ತೊಡಗುತ್ತದೆ. ಸಕ್ಕರೆ ಹಾಕದ ಅಗರ್ ತುಂಡನ್ನು ಎಷ್ಟು ಹೊತ್ತು ಅಗಿದರೂ ಸಪ್ಪೆಯೇ. ಅದರ ಕೊಂಡಿ ಬೇರೆ ಬಗೆಯದು, ಅದನ್ನು ಕತ್ತರಿಸುವ ಕಿಣ್ವ ನಮ್ಮ ದೇಹದಲ್ಲಿ ತಯಾರಾಗುವುದಿಲ್ಲ. ನಮ್ಮಲ್ಲಿ ಅಷ್ಟೇ ಅಲ್ಲ, ನೆಲದ ಮೇಲಿನ ಬಹುಪಾಲು ಬ್ಯಾಕ್ಟೀರಿಯಾಗಳಲ್ಲೂ ಅದಿಲ್ಲ.

ಈ ಕೊರತೆಯಿಂದ ಮನುಷ್ಯಕುಲಕ್ಕೆ ದೊಡ್ಡ ಉಪಕಾರವಾಗಿದೆ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದವರು ಬ್ಯಾಕ್ಟೀರಿಯಾಗಳನ್ನು ಜೆಲಾಟಿನ್ ಮೇಲೆ ಬೆಳೆಸಲು ಒದ್ದಾಡುತ್ತಿದ್ದರು. ಸ್ವಲ್ಪ ಸೆಕೆಯಾದರೆ ಜೆಲಾಟಿನ್ ಕರಗುತ್ತಿತ್ತು. ಕರಗದಿದ್ದರೆ ಬ್ಯಾಕ್ಟೀರಿಯಾಗಳೇ ಅದನ್ನು ತಿಂದು ನೀರು ಮಾಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ತಮ್ಮ ಅಡುಗೆಮನೆಯಲ್ಲಿ ಜೆಲ್ಲಿಗೆ ಅಗರ್ ಬಳಸುತ್ತಿದ್ದರು. ಅದನ್ನೇ ಬಳಸಿ ನೋಡಿ ಎಂದವರು ಅವರು. ಇವತ್ತು ಊರೂರಿನ ಲ್ಯಾಬುಗಳಲ್ಲಿ ಮೂತ್ರ, ಕಫ, ಕೀವಿನ ಕಲ್ಚರ್ ಪರೀಕ್ಷೆ ನಡೆಯುವುದು ಅಗರ್ ತಟ್ಟೆಗಳ ಮೇಲೆ. ರೋಗಾಣುಗಳಿಗೆ ಆ ತಟ್ಟೆಯನ್ನೇ ತಿಂದುಹಾಕುವ ಶಕ್ತಿ ಇಲ್ಲವೆಂಬ ಭರವಸೆಯ ಮೇಲೆ ಇಡೀ ಸೂಕ್ಷ್ಮಜೀವಿ ವಿಜ್ಞಾನ ನಿಂತಿದೆ.

ಆ ಭರವಸೆ ಕಡಲಿನ ಹತ್ತಿರ ನಡೆಯುವುದಿಲ್ಲ ಎಂಬುದು ಬಹಳ ಬೇಗ ಗೊತ್ತಾಯಿತು. ನಾರ್ವೆಯ ಬರ್ಗೆನ್‌ನಲ್ಲಿ ಗ್ರಾನ್ ಎಂಬ ವಿಜ್ಞಾನಿ 1902ರಲ್ಲೇ ಅಗರನ್ನು ಕರಗಿಸುವ ಕಡಲ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಇಂಥ ಬ್ಯಾಕ್ಟೀರಿಯಾ ಬೆಳೆಯುವ ಬಗೆಯೇ ಬೇರೆ. ಮಾಮೂಲಿ ಬ್ಯಾಕ್ಟೀರಿಯಾಗಳ ಗುಂಪು ತಟ್ಟೆಯ ಮೇಲೆ ಸಣ್ಣ ಹನಿಯ ಹಾಗೆ ಉಬ್ಬಿಕೊಂಡು ಕೂತಿರುತ್ತದೆ. ಅಗರ್ ತಿನ್ನುವವು ದಿನದಿಂದ ದಿನಕ್ಕೆ ಕೆಳಗೆ ಇಳಿಯುತ್ತವೆ. ಮೊದಲು ಗುಂಪಿನ ಸುತ್ತ ತೆಳ್ಳನೆಯ ತಗ್ಗು ಕಾಣಿಸುತ್ತದೆ, ಆಮೇಲೆ ಅದು ಹೊಂಡವಾಗುತ್ತದೆ. ಗುಂಪು ಆ ಹೊಂಡದ ತಳದಲ್ಲಿ ಮಿನುಗುತ್ತಿರುತ್ತದೆ. ತಟ್ಟೆಯ ಮೇಲೆ ಅಯೋಡಿನ್ ದ್ರಾವಣ ಸುರಿದರೆ ಗಟ್ಟಿ ಅಗರ್ ಇರುವಲ್ಲೆಲ್ಲ ಕಂದುಬಣ್ಣ ಹಿಡಿಯುತ್ತದೆ. ಪ್ರತಿ ಹೊಂಡದ ಸುತ್ತ ಮಾತ್ರ ಬಣ್ಣ ಹಿಡಿಯದ ಬಿಳಿಚು ವೃತ್ತ ಉಳಿಯುತ್ತದೆ. ಬ್ಯಾಕ್ಟೀರಿಯಾ ಹೊರಕ್ಕೆ ಬಿಟ್ಟ ಕಿಣ್ವ ಎಲ್ಲಿಯವರೆಗೆ ಹೋಗಿ ಕೆಲಸ ಮಾಡಿದೆ ಎಂಬುದು ಆ ವೃತ್ತದ ಅಂಚಿನಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಅಗರ್ ಈ ಬಳಗದಲ್ಲಿ ಸುಲಭದ್ದು. ನಿಜವಾದ ಕಷ್ಟ ಶುರುವಾಗುವುದು ಸಲ್ಫೇಟ್ ಬಂದಾಗ.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅದರಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್. ಸಲ್ಫೇಟ್ ಎಂದರೆ ಗಂಧಕದ ಒಂದು ಪರಮಾಣುವಿನ ಸುತ್ತ ಆಮ್ಲಜನಕದ ನಾಲ್ಕು ಪರಮಾಣುಗಳು, ಜೊತೆಗೆ ಋಣ ವಿದ್ಯುದಂಶ. ಕಡಲಪಾಚಿಗಳು ಇದನ್ನು ಧಾರಾಳವಾಗಿ ಹೀರಿಕೊಂಡು ತಮ್ಮ ಜೀವಕೋಶದ ಗೋಡೆಯ ಸಕ್ಕರೆ ಸರಪಳಿಗಳಿಗೆ ಅಲ್ಲಲ್ಲಿ ಜೋಡಿಸುತ್ತವೆ. ಕೆಂಪು ಪಾಚಿಯ ಕ್ಯಾರಜೀನನ್, ಹಸಿರು ಪಾಚಿಯ ಅಲ್ವಾನ್, ಕಂದು ಪಾಚಿಯ ಫ್ಯುಕಾಯ್ಡನ್ ಇವೆಲ್ಲ ಹೀಗೆ ಸಲ್ಫೇಟ್ ಹೊತ್ತ ಸರಪಳಿಗಳು. ಋಣ ವಿದ್ಯುದಂಶ ಒಂದನ್ನೊಂದು ದೂರ ತಳ್ಳುವುದರಿಂದ ಸರಪಳಿಗಳು ಬಿಗಿಯಾಗಿ ಅಂಟಿಕೊಳ್ಳದೆ ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಇಳಿತದ ಹೊತ್ತಿಗೆ ಬಿಸಿಲಿಗೆ ಬಿದ್ದ ಪಾಚಿ ತಟ್ಟನೆ ಒಣಗದೆ ಇರುವುದಕ್ಕೆ, ಅಲೆಯ ಹೊಡೆತಕ್ಕೆ ಮುರಿಯದೆ ಬಾಗುವುದಕ್ಕೆ ಇದು ನೆರವಾಗುತ್ತದೆ. ನೆಲದ ಗಿಡಮರಗಳ ಗೋಡೆಯಲ್ಲಿ ಇಂಥ ಸಲ್ಫೇಟ್ ಸರಪಳಿಗಳಿಲ್ಲ. ಆದರೆ ನೆಲದ ಸಸ್ಯವಂಶಕ್ಕೆ ಸೇರಿದ್ದೂ ಮತ್ತೆ ಕಡಲಿಗೆ ಇಳಿದ ಕಡಲಹುಲ್ಲುಗಳಿವೆಯಲ್ಲ, ಅವು ಪುನಃ ಸಲ್ಫೇಟ್ ಜೋಡಿಸುವುದನ್ನು ರೂಢಿಸಿಕೊಂಡಿವೆ. ಜೋಸ್ಟೆರಾ ಮರೀನಾ ಎಂಬ ಕಡಲಹುಲ್ಲಿನ ಇಡೀ ಜೀನೋಮನ್ನು 2016ರಲ್ಲಿ ಓದಿದಾಗ ಇದಕ್ಕೆ ಪುರಾವೆ ಸಿಕ್ಕಿತು. ಉಪ್ಪುನೀರಿನಲ್ಲಿ ಬಾಳಬೇಕಾದರೆ ಸಲ್ಫೇಟ್ ಎಷ್ಟು ಮುಖ್ಯ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಲ್ಫೇಟ್ ಎಷ್ಟಿದೆ, ಎಲ್ಲಿ ಕೂತಿದೆ ಎಂಬುದರ ಮೇಲೆ ಗುಣವೇ ಬದಲಾಗುತ್ತದೆ. ಕ್ಯಾರಜೀನನ್‌ನಲ್ಲಿ ಮುಖ್ಯವಾಗಿ ಮೂರು ಬಗೆ. ಪ್ರತಿ ಎರಡು ಸಕ್ಕರೆಗೆ ಒಂದು ಸಲ್ಫೇಟ್ ಇದ್ದರೆ ಕಪ್ಪಾ. ಅದು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಎರಡಿದ್ದರೆ ಅಯೋಟಾ, ಮೆತ್ತಗಿನ ಜೆಲ್ಲಿ. ಮೂರಿದ್ದರೆ ಲ್ಯಾಂಬ್ಡಾ, ಅದು ಹೆಪ್ಪುಗಟ್ಟುವುದೇ ಇಲ್ಲ, ಹಾಲನ್ನು ದಪ್ಪ ಮಾಡುತ್ತದೆ ಅಷ್ಟೆ. ಕಪ್ಪಾ ಸರಪಳಿಯನ್ನು ಕತ್ತರಿಸುವ ಕಿಣ್ವಕ್ಕೆ ಅಯೋಟಾ ಒಗ್ಗುವುದಿಲ್ಲ, ಅಯೋಟಾದ ಕಿಣ್ವಕ್ಕೆ ಲ್ಯಾಂಬ್ಡಾ ಒಗ್ಗುವುದಿಲ್ಲ. ಮೂರಕ್ಕೂ ಮೂರು ಬೇರೆ ಬೇರೆ ಕಿಣ್ವ ಕುಟುಂಬಗಳೇ ಇವೆ.

ಈಗ ನಿಮ್ಮೂರ ಬಂಡೆಗೆ ಬರೋಣ. ಅಲ್ಲಿನ ಹಸಿರು ಪಾಚಿ ತೆಳ್ಳಗೆ, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ನವಿರಾದ ಹಾಳೆಯಂತೆ ಇದ್ದರೆ ಅದು ಅಲ್ವಾ ಜಾತಿಯದು. ಅದರ ಗೋಡೆಯ ಮುಖ್ಯ ಸರಪಳಿಯೇ ಅಲ್ವಾನ್. ಅದರಲ್ಲಿ ಸಲ್ಫೇಟ್ ಹೊತ್ತ ರ‍್ಯಾಮ್ನೋಸ್ ಇದೆ, ಜೈಲೋಸ್ ಇದೆ, ಗ್ಲುಕುರಾನಿಕ್ ಆಮ್ಲ, ಇಡುರಾನಿಕ್ ಆಮ್ಲಗಳೂ ಇವೆ. ಇಷ್ಟು ಬಗೆಯ ತುಣುಕುಗಳನ್ನು ಬಿಡಿಸುವುದು ಹೇಗೆ? ಜಪಾನ್ ಸಮುದ್ರದ ಹಸಿರು ಪಾಚಿಯೊಂದರ ಮೇಲೆ ಸಿಕ್ಕಿದ ಫಾರ್ಮೋಸಾ ಅಗರಿಫಿಲಾ ಎಂಬ ಬ್ಯಾಕ್ಟೀರಿಯಾದಲ್ಲಿ ಈ ಇಡೀ ಕ್ರಮವನ್ನು ಜರ್ಮನಿ, ಫ್ರಾನ್ಸ್ ಮೊದಲಾದ ಕಡೆಯ ವಿಜ್ಞಾನಿಗಳು ಸೇರಿ ಬಿಡಿಸಿ, 2019ರಲ್ಲಿ ಪ್ರಕಟಿಸಿದರು. ಅದರಲ್ಲಿ ಒಟ್ಟು 12 ಕಿಣ್ವಗಳು ಒಂದಾದ ಮೇಲೊಂದರಂತೆ ಕೆಲಸ ಮಾಡುತ್ತವೆ. ಉದ್ದ ಸರಪಳಿಯನ್ನು ಮೊದಲಿಗೆ ತುಂಡರಿಸುವ ಲಯೇಸ್‌ಗಳು ಎರಡು, ಸಲ್ಫೇಟನ್ನು ಕಳಚುವ ಸಲ್ಫಟೇಸ್‌ಗಳು ಮೂರು, ಸಕ್ಕರೆ ಕೊಂಡಿಗಳನ್ನು ಬಿಡಿಸುವ ಹೈಡ್ರೊಲೇಸ್‌ಗಳು ಏಳು.

ಇಲ್ಲಿ ಸಂಖ್ಯೆಗಿಂತ ಸರದಿ ಮುಖ್ಯ. ತೆಂಗಿನಕಾಯಿಯ ಸಿಪ್ಪೆ ಸುಲಿಯದೆ ಒಡೆಯಲಾಗದು, ಒಡೆಯದೆ ತುರಿಮಣೆಗೆ ಹಿಡಿಯಲಾಗದು. ಕತ್ತಿಯ ಕೆಲಸವನ್ನು ತುರಿಮಣೆ ಮಾಡದು. ಅಲ್ವಾನ್‌ನಲ್ಲೂ ಹಾಗೆಯೇ. ಸಲ್ಫೇಟ್ ಕೂತಿರುವ ಸಕ್ಕರೆಯ ಪಕ್ಕದ ಕೊಂಡಿಯನ್ನು ಹಿಡಿಯಲು ಮುಂದಿನ ಕಿಣ್ವಕ್ಕೆ ಜಾಗವೇ ಇರುವುದಿಲ್ಲ. ಮೊದಲು ಸಲ್ಫಟೇಸ್ ಬಂದು ಸಲ್ಫೇಟನ್ನು ತೆಗೆಯಬೇಕು, ಆಮೇಲೆ ಆ ತುದಿಯ ಸಕ್ಕರೆ ಬಿಡಿಸಿಕೊಳ್ಳುತ್ತದೆ. ಆಗ ಮುಂದಿನ ಸಕ್ಕರೆ ತುದಿಗೆ ಬರುತ್ತದೆ, ಅದರ ಮೇಲೂ ಸಲ್ಫೇಟ್ ಇರಬಹುದು, ಅದಕ್ಕೆ ಬೇರೆಯದೇ ಸಲ್ಫಟೇಸ್ ಬೇಕಾಗಬಹುದು. ನಡುವೆ ಒಂದು ಕಿಣ್ವ ಇಲ್ಲದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಉಳಿದ ಹನ್ನೊಂದು ಇದ್ದೂ ಉಪಯೋಗವಿಲ್ಲ.

ಇನ್ನೊಂದು ಸಂಗತಿ ಬ್ಯಾಕ್ಟೀರಿಯಾಗಳ ಲೆಕ್ಕಾಚಾರವನ್ನು ತೋರಿಸುತ್ತದೆ. ಕಿಣ್ವವನ್ನು ನೀರಿಗೆ ಬಿಟ್ಟು ಅಲ್ಲೇ ಎಲ್ಲವನ್ನೂ ಸಕ್ಕರೆ ಮಾಡಿದರೆ ಆ ಸಕ್ಕರೆ ಪಕ್ಕದವರ ಪಾಲಾಗುತ್ತದೆ. ಹೀಗಾಗಿ ಅನೇಕ ಕಡಲ ಬ್ಯಾಕ್ಟೀರಿಯಾಗಳು ಹೊರಗೆ ಒಂದೆರಡು ಕಡೆ ಮಾತ್ರ ಕತ್ತರಿಸಿ, ದೊಡ್ಡ ತುಂಡುಗಳನ್ನೇ ತಮ್ಮ ಹೊರಪೊರೆಯ ದ್ವಾರಗಳ ಮೂಲಕ ಒಳಗೆ ಎಳೆದುಕೊಳ್ಳುತ್ತವೆ. ಎರಡು ಪೊರೆಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ಉಳಿದ ಕಿಣ್ವಗಳು ಕಾದಿರುತ್ತವೆ. ಎಳೆಯುವ ದ್ವಾರ, ಕತ್ತರಿಸುವ ಕಿಣ್ವ, ಸಲ್ಫೇಟ್ ಕಳಚುವ ಕಿಣ್ವ ಇವೆಲ್ಲದರ ಜೀನ್‌ಗಳು ಡಿಎನ್‌ಎಯ ಮೇಲೆ ಅಕ್ಕಪಕ್ಕದಲ್ಲೇ ಇರುತ್ತವೆ. ಪಾಚಿಯ ಸುಳಿವು ಸಿಕ್ಕೊಡನೆ ಒಟ್ಟಿಗೇ ಚಾಲೂ ಆಗುತ್ತವೆ. ಹೀಗೆ ಒಂದೇ ಗಂಟಿನಲ್ಲಿ ಇರುವುದರಿಂದ ಇಡೀ ಗಂಟು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಿಹೋಗುವುದೂ ಸಾಧ್ಯ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಲ್ಫಟೇಸ್‌ನ ಬಗ್ಗೆ ಇನ್ನಷ್ಟು ಹೇಳಲೇಬೇಕು, ಏಕೆಂದರೆ ಅದು ನಮ್ಮ ದೇಹದಲ್ಲೂ ಇದೆ. ಕಿಣ್ವಗಳೆಲ್ಲ ಪ್ರೋಟೀನ್‌ಗಳು, ಅಮೈನೊ ಆಮ್ಲಗಳ ಮಾಲೆಗಳು. ಸಾಮಾನ್ಯವಾಗಿ ಮಾಲೆ ಮಡಿಚಿಕೊಂಡೊಡನೆ ಕಿಣ್ವ ಕೆಲಸಕ್ಕೆ ಸಿದ್ಧ. ಈ ಸಲ್ಫಟೇಸ್‌ಗಳಲ್ಲಿ ಬಹುಪಾಲು ಹಾಗಲ್ಲ. ಅವುಗಳ ನಡುಭಾಗದಲ್ಲಿರುವ ಸಿಸ್ಟೀನ್ ಎಂಬ ಒಂದು ಅಮೈನೊ ಆಮ್ಲವನ್ನು (ಕೆಲವು ಬ್ಯಾಕ್ಟೀರಿಯಾಗಳಲ್ಲಿ ಸೆರೀನ್) ಇನ್ನೊಂದು ಕಿಣ್ವ ಬಂದು ತಿದ್ದಿ, ಫಾರ್ಮೈಲ್‌ಗ್ಲೈಸಿನ್ ಆಗಿ ಮಾರ್ಪಡಿಸಬೇಕು. ಆ ತಿದ್ದುಪಡಿ ಆದಮೇಲಷ್ಟೇ ಅದಕ್ಕೆ ಸಲ್ಫೇಟನ್ನು ಹಿಡಿದು ಕಳಚುವ ಶಕ್ತಿ ಬರುತ್ತದೆ. ಕಡಲ ಬ್ಯಾಕ್ಟೀರಿಯಾದಲ್ಲೂ ಮನುಷ್ಯನಲ್ಲೂ ಇದೇ ಏರ್ಪಾಡು. ನಮ್ಮ ಕೀಲುಗಳ ಮೃದ್ವಸ್ಥಿಯಲ್ಲಿ, ಜೀವಕೋಶಗಳ ಮೇಲ್ಮೈಯಲ್ಲಿ ಸಲ್ಫೇಟ್ ಹೊತ್ತ ಸಕ್ಕರೆ ಸರಪಳಿಗಳಿವೆ; ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಹೆಪಾರಿನ್ ಕೂಡ ಅಂಥದೇ. ಹಳೆಯದಾದ ಸರಪಳಿಗಳನ್ನು ದೇಹ ಬಿಡಿಸಿ ಹಾಕುತ್ತಿರಬೇಕು. ಅಲ್ವಾನ್‌ನಲ್ಲಿ ಇಡುರಾನಿಕ್ ಆಮ್ಲ ಇದೆ ಎಂದೆನಲ್ಲ, ಅದು ನಮ್ಮ ಸರಪಳಿಗಳಲ್ಲೂ ಇದೆ. ಅದರ ಮೇಲಿನ ಸಲ್ಫೇಟನ್ನು ತೆಗೆಯುವ ಒಂದೇ ಒಂದು ಕಿಣ್ವ ಹುಟ್ಟಿನಿಂದ ಇಲ್ಲದಿದ್ದರೆ ಮಗುವಿಗೆ ಹಂಟರ್ ಸಿಂಡ್ರೋಮ್ ಎಂಬ ಕಾಯಿಲೆ ಬರುತ್ತದೆ. ಬಿಡಿಸಲಾಗದ ಸರಪಳಿಗಳು ಜೀವಕೋಶಗಳಲ್ಲಿ ತುಂಬಿಕೊಳ್ಳುತ್ತ ಹೋಗಿ ಕೀಲು, ಹೃದಯ, ಯಕೃತ್ತು, ಎಷ್ಟೋ ಮಕ್ಕಳಲ್ಲಿ ಮೆದುಳು ಕೂಡ ಹಾನಿಗೊಳ್ಳುತ್ತದೆ. ಒಂದು ಸಲ್ಫೇಟಿನ ಹಠ ಎಂಥದು ಎಂಬುದನ್ನು ಆ ಕುಟುಂಬಗಳು ಬಲ್ಲವು.

ಮನುಷ್ಯನಲ್ಲಿ ಇಂಥ ಸಲ್ಫಟೇಸ್‌ಗಳು 17. ಬಾಲ್ಟಿಕ್ ಸಮುದ್ರದ ರೊಡೊಪಿರೆಲ್ಯುಲಾ ಬಾಲ್ಟಿಕಾ ಎಂಬ ಬ್ಯಾಕ್ಟೀರಿಯಾದ ಜೀನೋಮನ್ನು 2003ರಲ್ಲಿ ಓದಿದಾಗ ಸಲ್ಫಟೇಸ್‌ನ 110 ಜೀನ್‌ಗಳು ಸಿಕ್ಕವು. ಬರಿಗಣ್ಣಿಗೆ ಕಾಣದ ಜೀವಿಯೊಂದಕ್ಕೆ ಇಷ್ಟೊಂದು ಯಾಕೆ ಎಂದು ಆಗ ಎಲ್ಲರಿಗೂ ಅಚ್ಚರಿ. ಕಡಲಲ್ಲಿ ಬೀಳುವ ಊಟದಲ್ಲಿ ಬಹಳಷ್ಟು ಸಲ್ಫೇಟ್ ಹೊತ್ತದ್ದು ಎಂಬುದೇ ಅದಕ್ಕೆ ಉತ್ತರ.

ಈಗ ಗಂಟು ದಾಟಿದ ಕತೆ. ಫ್ರಾನ್ಸಿನ ಬ್ರಿಟನಿ ಕರಾವಳಿಯ ರಾಸ್ಕಾಫ್‌ನಲ್ಲಿ ಹಳೆಯದೊಂದು ಕಡಲ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಕೆಂಪು ಪಾಚಿಯ ಮೇಲೆ ಸಿಕ್ಕ ಜೊಬೆಲಿಯಾ ಗ್ಯಾಲಕ್ಟಾನಿವೊರಾನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಅಲ್ಲಿಯವರು ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಯಾನ್-ಹೆಂಡ್ರಿಕ್ ಹೇಹೆಮನ್, ಗುರ್ವಾನ್ ಮಿಶೆಲ್, ಮಿರ್ಯಾಮ್ ಚಿಜೆಕ್ ಮತ್ತು ಸಂಗಡಿಗರು ಅದರಲ್ಲಿ ಪೊರ್ಫಿರಾನೇಸ್ ಎಂಬ ಹೊಸ ಕಿಣ್ವವನ್ನು ಕಂಡರು. ಪೊರ್ಫಿರಾನ್ ಎಂದರೆ ಅಗರ್‌ನ ಹತ್ತಿರದ ಸಂಬಂಧಿ, ಆದರೆ ಸಲ್ಫೇಟ್ ಜಾಸ್ತಿ. ಜಪಾನೀಯರು ಸುಶಿಗೆ ಸುತ್ತುವ ನೋರಿ ಎಂಬ ಕೆಂಪು ಪಾಚಿಯ ಗೋಡೆಯಲ್ಲಿ ಇರುವುದು ಅದೇ. ಈ ಕಿಣ್ವದ ಜೀನ್ ಇನ್ನು ಯಾರಲ್ಲಿದೆ ಎಂದು ಜೀನ್ ಭಂಡಾರಗಳಲ್ಲಿ ಹುಡುಕಿದಾಗ ಸಿಕ್ಕವೆಲ್ಲ ಕಡಲ ಬ್ಯಾಕ್ಟೀರಿಯಾಗಳು, ಒಂದನ್ನು ಬಿಟ್ಟು. ಆ ಒಂದು ಬ್ಯಾಕ್ಟೀರಾಯ್ಡಿಸ್ ಪ್ಲೆಬಿಯಸ್, ಜಪಾನೀಯರ ಕರುಳಿನಿಂದ ಪ್ರತ್ಯೇಕಿಸಿದ್ದು. ಮುಂದೆ ಅವರು 13 ಮಂದಿ ಜಪಾನೀಯರ ಮತ್ತು 18 ಮಂದಿ ಉತ್ತರ ಅಮೆರಿಕದವರ ಕರುಳಿನ ಬ್ಯಾಕ್ಟೀರಿಯಾ ಜೀನ್‌ಗಳನ್ನು ಹೋಲಿಸಿ ನೋಡಿದರು. ಪೊರ್ಫಿರಾನೇಸ್ ಜಪಾನೀಯರಲ್ಲಿ ಸಿಕ್ಕಿತು, ಅಮೆರಿಕದವರಲ್ಲಿ ಸಿಗಲಿಲ್ಲ. ಜಪಾನೀಯರ ಪೈಕಿ ಇನ್ನೂ ಮೊಲೆಹಾಲು ಬಿಡದ ಹೆಣ್ಣುಮಗುವೊಂದರಲ್ಲಿಯೂ ಅದು ಇತ್ತು, ಅವಳ ತಾಯಿಯಲ್ಲಿಯೂ ಇತ್ತು.

2010ರಲ್ಲಿ ಪ್ರಕಟವಾದ ಈ ಶೋಧ ನನ್ನ ಮಟ್ಟಿಗೆ ಈ ಕ್ಷೇತ್ರದ ಅತ್ಯಂತ ಸೊಗಸಾದ ಕೆಲಸ. ಎಂಟನೆಯ ಶತಮಾನದಲ್ಲಿ ಜಪಾನಿನ ಸರಕಾರಕ್ಕೆ ತೆರಿಗೆಯಾಗಿ ಕಡಲಪಾಚಿಯನ್ನು ಸಲ್ಲಿಸುತ್ತಿದ್ದರು ಎಂದು ದಾಖಲೆಗಳಿವೆ. ಅಷ್ಟು ಹಳೆಯದು ಅಲ್ಲಿ ಪಾಚಿ ತಿನ್ನುವ ರೂಢಿ. ಹಸಿ ಪಾಚಿಯ ಜೊತೆಗೆ ಅದರ ಮೇಲೆ ಬದುಕುವ ಕಡಲ ಬ್ಯಾಕ್ಟೀರಿಯಾಗಳೂ ಹೊಟ್ಟೆಗೆ ಹೋಗುತ್ತಿದ್ದವು. ಯಾವಾಗಲೋ ಒಮ್ಮೆ ಅವುಗಳ ಜೀನ್ ಗಂಟು ಕರುಳಿನ ಬ್ಯಾಕ್ಟೀರಿಯಾಕ್ಕೆ ದಾಟಿತು. ದಿನಾ ನೋರಿ ಬರುವ ಕರುಳಿನಲ್ಲಿ ಅದನ್ನು ಉಣ್ಣಬಲ್ಲ ಬ್ಯಾಕ್ಟೀರಿಯಾಕ್ಕೆ ಬೇರೆಯವರಿಗಿಲ್ಲದ ಅನುಕೂಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ, ಪೊರ್ಫಿರಾನ್ ತಿನ್ನುವ ಬ್ಯಾಕ್ಟೀರಿಯಾ ಕರುಳಿನಲ್ಲಿ ನೆಲೆಯೂರುವಂತೆ ಮಾಡಲು ಇಲಿಗಳಿಗೆ ಪೊರ್ಫಿರಾನ್ ತಿನ್ನಿಸಿದರೆ ಸಾಕು ಎಂದು ತೋರಿಸಿದರು. ಹಾಗೆಂದು ಒಂದು ದಿನ ಸುಶಿ ತಿಂದರೆ ಆ ಜೀನ್ ನಮಗೆ ಬಂದುಬಿಡುತ್ತದೆ ಎಂದು ತಿಳಿಯಬಾರದು. ಮೂಲ ವರ್ಗಾವಣೆ ತಲೆಮಾರುಗಳ ಊಟದ ರೂಢಿಯ ಮೇಲೆ ನಡೆದದ್ದು, ಇವತ್ತಿನ ನೋರಿಯಂತೂ ಹುರಿದು ಬರುತ್ತದೆ.

ಇನ್ನು ನಿಮ್ಮ ಲೋಳೆಯ ಪ್ರಶ್ನೆ. ಬಂಡೆಯ ಮೇಲಿನ ಹಸಿರು ಪಾಚಿಯಲ್ಲಿ ಒಂದು ಪಾಲು ಬಸವನಹುಳು, ಕಡಲ ಮುಳ್ಳುಜೀವಿ, ಮೀನುಗಳ ಹೊಟ್ಟೆಗೆ ಹೋಗುತ್ತದೆ. ಒಂದು ಪಾಲು ಅಲೆಗೆ ಕಿತ್ತುಹೋಗುತ್ತದೆ. ಉಳಿದದ್ದು ಅಲ್ವಾನ್ ತಿನ್ನುವ ಬ್ಯಾಕ್ಟೀರಿಯಾಗಳ ಪಾಲು. ಅವುಗಳಿಗೂ ಮೀರಿ ಒಂದೇ ಕಡೆ ರಾಶಿ ಬಿದ್ದರೆ ಏನಾಗುತ್ತದೆ ಎಂಬುದನ್ನು ಬ್ರಿಟನಿಯ ಕಡಲತೀರಗಳಲ್ಲಿ ನೋಡಬಹುದು. ಹೊಲದ ಗೊಬ್ಬರ ಮತ್ತು ಹಂದಿ ಸಾಕಣೆಯ ಸಾರಜನಕ ಹೊಳೆಗಳಲ್ಲಿ ಹರಿದುಬಂದು ಅಲ್ಲಿ ಅಲ್ವಾ ವಿಪರೀತ ಬೆಳೆಯುತ್ತದೆ, ದಂಡೆಯಲ್ಲಿ ರಾಶಿಯಾಗಿ ಕೊಳೆಯುತ್ತದೆ. ರಾಶಿಯ ಒಳಗೆ ಗಾಳಿಯಾಡದೆ ಹೈಡ್ರೋಜನ್ ಸಲ್ಫೈಡ್ ವಿಷಾನಿಲ ಕಟ್ಟಿಕೊಳ್ಳುತ್ತದೆ. 2009ರಲ್ಲಿ ಸೇಂಟ್ ಮಿಶೆಲ್ ಆನ್ ಗ್ರೆವ್ ಎಂಬಲ್ಲಿ ಅದರಿಂದ ಕುದುರೆಯೊಂದು ಸತ್ತು, ಸವಾರ ಪ್ರಜ್ಞೆ ತಪ್ಪಿದ್ದ.

ಆದರೆ ಹಸಿರು ಪಾಚಿ ತಡವಾಗಿಯಾದರೂ ಕರಗುತ್ತದೆ. ಕಂದು ಪಾಚಿಯ ಫ್ಯುಕಾಯ್ಡನ್ ಹಾಗಲ್ಲ. 1913ರಲ್ಲಿ ಸ್ವೀಡನ್ನಿನ ಹರಾಲ್ಡ್ ಕೂಲಿನ್ ಅದನ್ನು ಮೊದಲ ಬಾರಿಗೆ ಬೇರ್ಪಡಿಸಿದರು. ಅದರ ಮುಖ್ಯ ಸಕ್ಕರೆ ಫ್ಯುಕೋಸ್, ಅದರ ತುಂಬ ಸಲ್ಫೇಟ್. ಸರಪಳಿ ನೆಟ್ಟಗೆ ಇರದೆ ಕವಲೊಡೆದಿರುತ್ತದೆ, ಜಾತಿಯಿಂದ ಜಾತಿಗೆ ಅದರ ರಚನೆ ಬೇರೆ. ಇದನ್ನು ತಿನ್ನಬಲ್ಲ ಲೆಂಟಿಮೊನಾಸ್ ಎಂಬ ಬ್ಯಾಕ್ಟೀರಿಯಾವನ್ನು ಜರ್ಮನಿಯ ಬ್ರೆಮೆನ್‌ನಲ್ಲಿರುವ ಮ್ಯಾಕ್ಸ್ ಪ್ಲ್ಯಾಂಕ್ ಸಾಗರ ಸೂಕ್ಷ್ಮಜೀವಿ ವಿಜ್ಞಾನ ಸಂಸ್ಥೆಯವರು ಅಭ್ಯಾಸ ಮಾಡಿ 2020ರಲ್ಲಿ ವಿವರಿಸಿದರು. ಫ್ಯುಕಾಯ್ಡನ್ ಕರಗಿಸುವುದಕ್ಕೆಂದು ಅದರ ಬಳಿ 284 ಕಿಣ್ವಗಳ ಜೀನ್‌ಗಳಿವೆ, ಹೆಚ್ಚಿನವು ಮುಖ್ಯ ಡಿಎನ್‌ಎಗಿಂತ ಬೇರೆಯಾದ ಒಂದು ದೊಡ್ಡ ಪ್ಲಾಸ್ಮಿಡ್‌ನ ಮೇಲೆ. ಒಂದು ಜಾತಿಯ ಪಾಚಿಯ ಫ್ಯುಕಾಯ್ಡನ್ ಸಿಕ್ಕರೆ ಅವುಗಳಲ್ಲಿ ಸುಮಾರು 100 ಕಿಣ್ವಗಳು ದುಡಿಯುತ್ತವೆ. ಇನ್ನೊಂದು ಜಾತಿಯದು ಸಿಕ್ಕರೆ ಕಿಣ್ವಗಳ ಜೋಡಣೆಯೇ ಬದಲಾಗುತ್ತದೆ. ಅಷ್ಟಾದ ಮೇಲೆ ಸಿಗುವ ಫ್ಯುಕೋಸನ್ನು ಬಳಸುವಾಗ ಲ್ಯಾಕ್ಟಾಲ್ಡಿಹೈಡ್ ಎಂಬ ವಿಷ ಹುಟ್ಟುತ್ತದೆ. ಅದು ಹರಡದಂತೆ ಬ್ಯಾಕ್ಟೀರಿಯಾ ಪ್ರೋಟೀನ್ ಗೋಡೆಯ ಪುಟ್ಟ ಕೋಣೆಗಳನ್ನು ಕಟ್ಟಿ, ಅವುಗಳೊಳಗೇ ಆ ಹಂತವನ್ನು ಮುಗಿಸುತ್ತದೆ. ಊಟಕ್ಕಾಗಿ ಇಷ್ಟು ಖರ್ಚು ಮಾಡಲು ಹೆಚ್ಚಿನ ಬ್ಯಾಕ್ಟೀರಿಯಾಗಳು ಸಿದ್ಧವಿಲ್ಲ. ಪಕ್ಕದಲ್ಲೇ ಲ್ಯಾಮಿನಾರಿನ್‌ನಂಥ ಸಲ್ಫೇಟ್ ಇಲ್ಲದ ಸುಲಭದ ಸರಪಳಿ ಧಾರಾಳವಾಗಿ ಸಿಗುವಾಗ ಯಾರು ತಾನೇ ಫ್ಯುಕಾಯ್ಡನ್ ಕಡೆ ತಿರುಗುತ್ತಾರೆ?

ಹೀಗಾಗಿ ಅದು ಉಳಿದುಹೋಗುತ್ತದೆ. ಅದೇ ಸಂಸ್ಥೆಯವರು ಫಿನ್ಲೆಂಡಿನ ನೈಋತ್ಯ ತೀರದಲ್ಲಿ ಫ್ಯೂಕಸ್ ವೆಸಿಕ್ಯುಲೋಸಸ್ ಎಂಬ ಕಂದು ಪಾಚಿಯನ್ನು ಹಿಡಿದು ಅಳೆದರು. ನೀರಿನಲ್ಲಿ ಕರಗಿದ ನೂರಾರು ವಸ್ತುಗಳ ನಡುವೆ ಫ್ಯುಕಾಯ್ಡನ್ ಎಷ್ಟಿದೆ ಎಂದು ಗುರುತಿಸಲು ಅವರು ಬಳಸಿದ ಉಪಾಯಗಳಲ್ಲಿ ಅದನ್ನು ಕತ್ತರಿಸುವ ಕಿಣ್ವವೂ ಒಂದು. 2023ರಲ್ಲಿ ಪ್ರಕಟವಾದ ಲೆಕ್ಕದಂತೆ ಆ ಪಾಚಿ ದಿನಕ್ಕೆ ತನ್ನ ತೂಕದ 0.3%ದಷ್ಟನ್ನು ಫ್ಯುಕಾಯ್ಡನ್ ಲೋಳೆಯಾಗಿ ಕಡಲಿಗೆ ಬಿಡುತ್ತದೆ. ಅದು ಹೊರಬಿಡುವ ಇಂಗಾಲದಲ್ಲಿ ಹೆಚ್ಚುಕಡಿಮೆ ಅರ್ಧ ಇದೇ. ವರ್ಷದ ಲೆಕ್ಕ ಹಾಕಿದರೆ, ಪಾಚಿಯ ಮೈಯಲ್ಲಿರುವುದಕ್ಕಿಂತ ಹೆಚ್ಚು ಇಂಗಾಲ ಲೋಳೆಯಾಗಿ ಹೋಗಿರುತ್ತದೆ. ಲೋಕದ ಕಂದು ಪಾಚಿಗಳೆಲ್ಲ ಸೇರಿ ಈ ದಾರಿಯಲ್ಲಿ ವರ್ಷಕ್ಕೆ 55 ಕೋಟಿ ಟನ್‌ವರೆಗೆ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ತೆಗೆಯಬಲ್ಲವು ಎಂಬುದು ಅವರ ಅಂದಾಜು. ಉತ್ತರ ಸಮುದ್ರದ ಹೆಲ್ಗೊಲ್ಯಾಂಡ್ ದ್ವೀಪದ ಬಳಿ ವಸಂತದಲ್ಲಿ ಡಯಾಟಮ್ ಪಾಚಿಗಳು ಉಕ್ಕಿ ಬೆಳೆದಾಗಲೂ ಇದೇ ಕಂಡಿತು. ಲ್ಯಾಮಿನಾರಿನ್ ಬೇಗ ಖರ್ಚಾಯಿತು. ಫ್ಯುಕೋಸ್ ಮತ್ತು ಸಲ್ಫೇಟ್ ಇರುವ ಲೋಳೆ ಶೇಖರವಾಗುತ್ತ ಹೋಯಿತು, ಕಣಗಳನ್ನು ಅಂಟಿಸಿಕೊಂಡು ಮುದ್ದೆಯಾಯಿತು. ಅಂಥ ಮುದ್ದೆಗಳು ಆಳಕ್ಕೆ ಇಳಿಯುತ್ತವೆ. ಆದ್ದರಿಂದ ಲೋಳೆ ಇರಬೇಕಿತ್ತಲ್ಲ ಎಂದು ನೀವು ಕೇಳಿದ್ದು ಸರಿಯಾಗಿಯೇ ಇದೆ. ಅದು ಇದೆ, ಒಂದು ಲೀಟರಿಗೆ ಮಿಲಿಗ್ರಾಂಗಿಂತ ಕಡಿಮೆ ಪ್ರಮಾಣದಲ್ಲಿ, ಕಣ್ಣಿಗೆ ಕಾಣದಷ್ಟು ತೆಳ್ಳಗೆ.

ಕಡಲಪಾಚಿ ಬೆಳೆಸಿದರೆ ಹವಾಮಾನ ಸರಿಹೋಗುತ್ತದೆ ಎಂದು ಈಚೆಗೆ ಬಹಳ ಕಡೆ ಹೇಳುತ್ತಿದ್ದಾರೆ. ಪಾಚಿಯ ಒಟ್ಟು ತೂಕವನ್ನು ಇಂಗಾಲಕ್ಕೆ ಲೆಕ್ಕ ಹಾಕಿ ತೋರಿಸುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ಹೆಚ್ಚಿನದು ಬ್ಯಾಕ್ಟೀರಿಯಾಗಳ ಊಟವಾಗಿ ಮತ್ತೆ ಗಾಳಿಗೆ ಮರಳುತ್ತದೆ. ಯಾವ ಪಾಚಿ, ಅದರಲ್ಲಿ ಯಾವ ಸರಪಳಿ, ಅದನ್ನು ಕತ್ತರಿಸುವ ಕಿಣ್ವ ಆ ನೀರಿನಲ್ಲಿ ಇದೆಯೋ ಇಲ್ಲವೋ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹೇಳದ ಲೆಕ್ಕ ಲೆಕ್ಕವೇ ಅಲ್ಲ.

ನಿಮ್ಮ ಪುಡ್ಡಿಂಗ್ ಬಗ್ಗೆ ಚಿಂತೆ ಬೇಡ. ಅಗರ್ ನಾರಿನಂತೆ ಹೊಟ್ಟೆಯಿಂದ ಹಾದುಹೋಗುತ್ತದೆ, ಧೈರ್ಯವಾಗಿ ಮಾಡಿ. ನಿಮ್ಮ ಮಗಳು ವಿಜ್ಞಾನ ಓದುತ್ತಿದ್ದರೆ ಅವಳಿಗೊಂದು ಮಾತು. ನಮ್ಮ ಕರಾವಳಿ 300 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ, ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗವಿದೆ, ಕರಾವಳಿಯ ಕಾಲೇಜುಗಳಲ್ಲಿ ಮೈಕ್ರೋಬಯಾಲಜಿ ಲ್ಯಾಬುಗಳಿವೆ. ಮೇಲೆ ಹೇಳಿದ ಹೊಂಡ ತೋಡುವ ಬ್ಯಾಕ್ಟೀರಿಯಾವನ್ನು ಹುಡುಕಲು ದುಬಾರಿ ಯಂತ್ರ ಬೇಕಿಲ್ಲ. ಕಡಲ ನೀರು, ಅಗರ್, ಚೂರು ಪೆಪ್ಟೋನ್, ಒಂದು ಸೀಸೆ ಅಯೋಡಿನ್ ಮತ್ತು ಬಂಡೆಯ ಸಂದಿಯಲ್ಲಿ ಕೊಳೆಯುತ್ತಿರುವ ಪಾಚಿಯ ತುಂಡು ಇದ್ದರೆ ಸಾಕು. ಮಳೆಗಾಲ ಮುಗಿದ ಮೇಲೆ ತಮ್ಮ ಉಪನ್ಯಾಸಕರನ್ನು ಕೇಳಿಕೊಂಡು ಅವಳೂ ಅವಳ ಗೆಳತಿಯರೂ ಇದನ್ನು ಮಾಡಿ ನೋಡಲಿ, ಏನು ಸಿಕ್ಕಿತೆಂದು ನಮಗೆ ಬರೆಯಲಿ.